‘ಸಿಕ್ಕಿತಾ?’ ಎಂದು ಕೇಳುವವರಿಗೆ

2025ರ ಮೇ ತಿಂಗಳು. ಕಾರ್ಕಳದಲ್ಲಿ ಒಂದು ಮದುವೆ. ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತಾ ನಾವು ನಾಲ್ಕಾರು ಹೆಂಗಸರು ಸಭಾಂಗಣದ ಹಿಂದಿನ ಕುರ್ಚಿಗಳಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ಆಗ ಅಡಿಗೆಯವರು ಓಡಾಡುವ ಬಾಗಿಲಿನಿಂದ ಒಬ್ಬಳು ಹುಡುಗಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಹೋಗುವುದು ಕಾಣಿಸಿತು. ಕಾಪುವಿನವಳು. ಆ ಕಡೆಯ ಶಾಲೆಯಲ್ಲಿ ನಾನಿದ್ದಾಗ ನನ್ನ ತರಗತಿಯಲ್ಲಿ ಎದುರು ಬೆಂಚಿನಲ್ಲಿ ಕೂರುತ್ತಿದ್ದವಳು. ಈಗ ಎಂ.ಎಸ್ಸಿ., ಬಿ.ಎಡ್. ಮಾಡಿ ಟಿಇಟಿಯನ್ನೂ ಪಾಸು ಮಾಡಿಕೊಂಡಿದ್ದಾಳೆ.

“ಊಟ ಮಾಡದೆ ಎಲ್ಲಿಗೆ ಹೊರಟದ್ದು?” ಎಂದು ಹಿಂದಿನಿಂದ ಹೋಗಿ ಕೈ ಹಿಡಿದೆ.

“ಬೆಳಗ್ಗಿನಿಂದ ಹದಿನಾಲ್ಕು ಜನ ಕೇಳಿದ್ರು ಟೀಚರ್, ಕೆಲಸ ಸಿಕ್ಕಿತಾ ಅಂತ. ಲೆಕ್ಕ ಇಟ್ಟಿದ್ದೇನೆ. ಇನ್ನು ಊಟಕ್ಕೆ ಕೂತರೆ ಪಕ್ಕದ ಎಲೆಯವರು, ಎದುರು ಎಲೆಯವರು, ಸಾರು ಬಡಿಸುವವರು...”

“ಯಾರಪ್ಪ ಅಷ್ಟು ಜನ?”

“ಐದನೆಯವರು ನೀವೇ.”

ಹೌದು. ತಿಂಡಿಯ ಹೊತ್ತಿಗೆ ಅವಳ ಭುಜ ತಟ್ಟಿ, ಬಾಯಿ ತುಂಬ ನಗುತ್ತಾ ಕೇಳಿದವಳು ನಾನೇ. ಉತ್ತರಕ್ಕೂ ಕಾಯದೆ ಚಟ್ನಿ ಇದ್ದ ಕಡೆಗೆ ಹೋಗಿದ್ದೆ. ಆದ್ದರಿಂದ ಮುಂದೆ ನಾನು ಯಾರನ್ನೆಲ್ಲ ಬೈಯುತ್ತೇನೋ ಅವರ ಸಾಲಿನಲ್ಲಿ ನಾನೂ ಇದ್ದೇನೆ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಾಗೆಂದು ಬೈಯುವುದನ್ನು ಬಿಡುವವಳಲ್ಲ.

ಆ ಒಂದು ಪದವನ್ನೇ ನೋಡಿ. ‘ಸಿಕ್ಕಿತಾ?’ ಕಳೆದುಹೋದ ಓಲೆಯ ತಿರುಪು ಸಿಕ್ಕಿತಾ, ಬಸ್ಸಿನಲ್ಲಿ ಬಿಟ್ಟ ಕೊಡೆ ಸಿಕ್ಕಿತಾ ಎಂದು ಕೇಳುವ ಹಾಗೆ. ಕೆಲಸ ಎನ್ನುವುದು ಎಲ್ಲೋ ದಾರಿಯಲ್ಲಿ ಬಿದ್ದಿದೆ, ಕಣ್ಣು ಸರಿಯಿದ್ದವರಿಗೆ ಕಾಣುತ್ತದೆ, ಇವಳಿಗೆ ಇನ್ನೂ ಕಂಡಿಲ್ಲವೆಂದರೆ ಹುಡುಕುವವಳ ಕಣ್ಣಿನಲ್ಲೇ ಏನೋ ದೋಷವಿದೆ. ಕೇಳುವವರಿಗೆ ಅಷ್ಟೆಲ್ಲ ಯೋಚನೆ ಇರುವುದಿಲ್ಲ ನಿಜ. ಆದರೆ ಕೇಳಿಸಿಕೊಳ್ಳುವವಳಿಗೆ ಹದಿನಾಲ್ಕನೆಯ ಸಲಕ್ಕೆ ಅರ್ಥವಾಗುವುದು ಅದೇ.

ಊಟ ಮಾಡಿಸಿಯೇ ಅವಳನ್ನು ಬಿಟ್ಟೆ. ಪಡುಬಿದ್ರಿ ಬಸ್ಸು ಹಿಡಿದು ಮನೆಗೆ ಹೋಗಬೇಕಾದವಳು ನನ್ನೊಟ್ಟಿಗೆ ಉಡುಪಿ ಬಸ್ಸು ಹತ್ತಿದಳು. ಹಿರಿಯಡ್ಕ ದಾಟುವ ತನಕ ಸುಮ್ಮನಿದ್ದಳು. ಆಮೇಲೆ ಒಂದೊಂದಾಗಿ ಹೇಳತೊಡಗಿದಳು. ಬ್ಯಾಂಕ್ ಗುಮಾಸ್ತೆಯ ಪರೀಕ್ಷೆಯಲ್ಲಿ ಎರಡು ಸಲ ಪ್ರಿಲಿಮ್ಸ್ ದಾಟಿದ್ದಾಳೆ, ಎರಡು ಸಲವೂ ಮೇನ್ಸ್‌ನಲ್ಲಿ ಹೋಯಿತು. ಮೂರು ಖಾಸಗಿ ಶಾಲೆಗಳು ಸಂದರ್ಶನಕ್ಕೆ ಕರೆದವು. ಅದರಲ್ಲಿ ಒಂದು ಶಾಲೆಯವರು ಪಾಠ ಹೇಗೆ ಮಾಡುತ್ತೀರಿ ನೋಡುವ ಎಂದು ಮೂರು ದಿನ ಒಂಬತ್ತನೇ ತರಗತಿಗೆ ಪಾಠ ಮಾಡಿಸಿದರು, ಆಮೇಲೆ ಫೋನ್ ಎತ್ತಲಿಲ್ಲ. ಬಸ್ಸು ಮಣಿಪಾಲಕ್ಕೆ ಬಂದಾಗ ಕಿಟಕಿಯಿಂದ ಒಂದು ಕಟ್ಟಡ ತೋರಿಸಿ, “ಅಲ್ಲಿಗೂ ಎರಡು ಸಲ ಹೋಗಿದ್ದೇನೆ. ‘ತಿಳಿಸುತ್ತೇವೆ’ ಅಂದ್ರು. ಎಂಟು ತಿಂಗಳಾಯ್ತು, ಇನ್ನೂ ತಿಳಿಸ್ತಾ ಇದ್ದಾರೆ” ಎಂದು ನಕ್ಕಳು. ಒಟ್ಟು ಹನ್ನೊಂದು ಕಡೆ. ಅವಳ ಸೋಲಿನ ಲೆಕ್ಕವೂ ನಮ್ಮ ಪ್ರಶ್ನೆಗಳ ಲೆಕ್ಕದಷ್ಟೇ ಕರಾರುವಾಕ್ಕು.

ನಮ್ಮ ಊರಿನ ಹಿರಿಯರಿಗೆ ಇದು ಅರ್ಥವಾಗದಿರುವುದಕ್ಕೆ ಒಂದು ಕಾರಣವಿದೆ. ಇದು ಬ್ಯಾಂಕುಗಳು ಹುಟ್ಟಿದ ಊರು. ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕನ್ನು ಕಟ್ಟಿದ್ದು 1906ರಲ್ಲಿ, ಇದೇ ಉಡುಪಿಯಲ್ಲಿ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈಯವರು ಸೇರಿ 1925ರಲ್ಲಿ ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕಾಯಿತು. ಬರೇ ಹೆಂಗಸರೇ ನಡೆಸುವ ಶಾಖೆಯೊಂದನ್ನು ಆ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರಂನಲ್ಲಿ 1962ರಷ್ಟು ಹಿಂದೆಯೇ ತೆರೆದಿತ್ತು. ನಮ್ಮ ಅಮ್ಮಂದಿರ ಕಾಲದಲ್ಲಿ ಡಿಗ್ರಿ ಮುಗಿಸಿದ ಬುದ್ಧಿವಂತ ಹುಡುಗಿ ಬ್ಯಾಂಕಿಗೆ ಸೇರುವುದು ಕೇಳಿದರೆ ಆಶ್ಚರ್ಯದ ಸಂಗತಿಯಾಗಿರಲಿಲ್ಲ. ಆ ನೆನಪಿನಲ್ಲೇ ಹಿರಿಯರು ಇವತ್ತಿಗೂ “ಬ್ಯಾಂಕಿಗೆ ಬರೆಯಬಾರದಾ?” ಎನ್ನುತ್ತಾರೆ. 2011ರಿಂದ ಆ ನೇಮಕಾತಿಗೆ ದೇಶಕ್ಕೆಲ್ಲ ಒಂದೇ ಸಂಸ್ಥೆಯ ಪರೀಕ್ಷೆ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಶನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಬೋರ್ಡು ಬದಲಾದದ್ದು ನಮಗೆ ಗೊತ್ತು, ಬಾಗಿಲು ಬದಲಾದದ್ದು ಮಾತ್ರ ಇನ್ನೂ ತಲೆಗೆ ಹೋಗಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಾನು ಸಮಾಜ ವಿಜ್ಞಾನದ ಟೀಚರು, ಗಣಿತದವಳಲ್ಲ, ಆದರೂ ಇಷ್ಟು ಲೆಕ್ಕ ಬರುತ್ತದೆ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬರೆದವರು ಐವತ್ತು ಸಾವಿರಕ್ಕೂ ಮಿಕ್ಕಿ. ಅಂದರೆ ಎಲ್ಲರೂ ಚಿನ್ನದಂಥವರೇ ಆಗಿದ್ದರೂ, ಎಲ್ಲವೂ ನ್ಯಾಯವಾಗಿಯೇ ನಡೆದಿದ್ದರೂ, ನೂರರಲ್ಲಿ ತೊಂಬತ್ತೊಂಬತ್ತು ಮಂದಿ ಮನೆಗೆ ಬರಲೇಬೇಕು. ಆದರೆ ನ್ಯಾಯವಾಗಿಯೂ ನಡೆಯಲಿಲ್ಲ. ಅಕ್ರಮ ಬೆಳಕಿಗೆ ಬಂದು 2022ರ ಏಪ್ರಿಲಿನಲ್ಲಿ ಸರ್ಕಾರವೇ ಆ ನೇಮಕಾತಿಯನ್ನು ರದ್ದು ಮಾಡಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ನಡುವಿನ ಆ ಎರಡು ವರ್ಷ ಮದುವೆ ಮನೆಗಳಲ್ಲಿ ಆ ಮಕ್ಕಳು ಏನು ಉತ್ತರ ಕೊಟ್ಟಿರಬಹುದು?

ಇನ್ನೊಂದು ಸಂಗತಿ ಕನ್ನಡದಲ್ಲೇ ಕಲಿಸುವವಳಾದ ನನಗೆ ಹೊಟ್ಟೆಗೆ ಬೆಂಕಿ ಹಾಕಿದ್ದು. 2024ರ ಆಗಸ್ಟ್ 27ರಂದು ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಪೂರ್ವಭಾವಿ ಪರೀಕ್ಷೆ ನಡೆಸಿತು. ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು ಎಷ್ಟು ಕೆಟ್ಟದಾಗಿತ್ತೆಂದರೆ ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ. ಅದರಲ್ಲೂ ಕನ್ನಡದ ತಪ್ಪುಗಳು! ಕರ್ನಾಟಕದಲ್ಲಿ, ಕರ್ನಾಟಕದ ಆಯೋಗ, ಕನ್ನಡದ ಮಕ್ಕಳಿಗೆ ಕೊಟ್ಟ ಪ್ರಶ್ನೆಪತ್ರಿಕೆ. ಏಳನೇ ತರಗತಿಯ ಮಕ್ಕಳು ಅಂಥ ಕನ್ನಡ ಬರೆದುಕೊಂಡು ಬಂದರೆ ನಾನು ಪುಸ್ತಕ ವಾಪಸು ಕೊಟ್ಟು ತಿದ್ದಿಕೊಂಡು ಬಾ ಎನ್ನುತ್ತೇನೆ. ಇಲ್ಲಿ ತಪ್ಪು ಬರೆದವರು ಪರೀಕ್ಷೆ ಮಾಡುವವರು, ನಪಾಸಾದವರು ಓದಿದವರು.

ಹೆಂಗಸರ ಪಾಲಿಗೆ ಇದರ ಮೇಲೆ ಇನ್ನೊಂದು ಪದರ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅರ್ಜಿ ಕರೆದು ಮೇ ತಿಂಗಳಲ್ಲಿ ಪರೀಕ್ಷೆ ಮಾಡಿತು. ನವೆಂಬರಿನಲ್ಲಿ ತಾತ್ಕಾಲಿಕ ಪಟ್ಟಿ ಬಂತು. ನೋಡಿದರೆ ಮದುವೆಯಾದ ಎಷ್ಟೋ ಮಂದಿಯ ಹೆಸರೇ ಇಲ್ಲ. ಅಂಕವಿದೆ, ಮೀಸಲಾತಿಯ ಅರ್ಹತೆಯಿದೆ, ಜಾತಿ ಮತ್ತು ಆದಾಯದ ಪ್ರಮಾಣಪತ್ರವೂ ಇದೆ. ಆದರೆ ಅದು ತಂದೆಯ ಕಡೆಯದು, ಗಂಡನದ್ದಲ್ಲ ಎಂದು ಅವರನ್ನು ಸಾಮಾನ್ಯ ವರ್ಗಕ್ಕೆ ನೂಕಿದ್ದರು. 2023ರ ಜನವರಿ 30ರಂದು ಹೈಕೋರ್ಟಿನ ಏಕಸದಸ್ಯ ಪೀಠ ಆ ಪಟ್ಟಿಯನ್ನು ರದ್ದು ಮಾಡಿ, ತಂದೆ ತಾಯಿಯ ಆದಾಯವನ್ನೇ ಪರಿಗಣಿಸಿ ಎಂದಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಮೇಲ್ಮನವಿಯಾಗಿ, ಅದೇ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ, ಇಂಥ ತಕರಾರು ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು ಎಂದಿತು. ಕಾನೂನಿನ ಒಳಹೊರಗು ವಕೀಲರು ನೋಡಿಕೊಳ್ಳಲಿ. ನನಗೆ ಕಂಡದ್ದು ಇಷ್ಟೆ: ರಾತ್ರಿ ಮಗುವನ್ನು ಮಲಗಿಸಿ ಓದಿ, ಪರೀಕ್ಷೆ ಗೆದ್ದ ಹೆಂಗಸು ಕೊನೆಗೆ ಸೋತದ್ದು ಯಾರ ಮನೆಯವಳು ಎಂಬ ಪ್ರಶ್ನೆಗೆ. ನನ್ನ ಪರಿಚಯದ ಇಬ್ಬರು ಅಂದಿನಿಂದ ತಾಲೂಕು ಕಚೇರಿಗೆ ಅಲೆದು ಎರಡೂ ಪ್ರಮಾಣಪತ್ರ ಮಾಡಿಸಿ ಒಂದೇ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. ಯಾವುದು ಕೇಳುತ್ತಾರೋ ಅದು.

ಇದು ಹೊಸ ರೋಗವೇನಲ್ಲ ಎಂದು ಹೇಳಬಲ್ಲೆ, ಯಾಕೆಂದರೆ ನನಗೂ ತಗಲಿತ್ತು. ನಾನು ಬಿ.ಎಡ್. ಮುಗಿಸಿದ್ದು 1993ರಲ್ಲಿ. ಆಗ ಉಡುಪಿ ಇನ್ನೂ ಜಿಲ್ಲೆಯಾಗಿರಲಿಲ್ಲ, ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ಬರೆಸುವುದಕ್ಕೆ ಮಂಗಳೂರಿಗೆ ಹೋಗಬೇಕಿತ್ತು. ಮದುವೆಯಾಗಿ ಆರು ತಿಂಗಳಾದಾಗ ಒಂದು ಶಾಲೆಯವರು ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಐದು ಮಂದಿ ಗಂಡಸರು. ಮೌರ್ಯರ ಬಗ್ಗೆ ಒಂದು ಪ್ರಶ್ನೆ, ಭೂಪಟದ ಬಗ್ಗೆ ಒಂದು. ಮೂರನೆಯದು, “ಮಕ್ಕಳು ಮರಿ ಎಂತಾದ್ರೂ ವಿಶೇಷ ಉಂಟಾ?” ಆಗ ನನಗೆ ಮೂರು ತಿಂಗಳು. “ಸದ್ಯಕ್ಕೆ ಇಲ್ಲ ಸರ್” ಎಂದೆ. ಹೊರಗೆ ಬಂದು ಬಸ್ಸಿನಲ್ಲಿ ಕೂತು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅತ್ತೆ. ಕೆಲಸವೇನೋ ಬೇರೆಯವರಿಗೆ ಹೋಯಿತು, ಅದು ಮರೆತಿದೆ. ಇಲ್ಲ ಎಂದು ಹೇಳಿದ ನನ್ನ ಸ್ವರ ಮಾತ್ರ ಮರೆತಿಲ್ಲ. ಆ ಮಗ ಈಗ ಮೂವತ್ತು ದಾಟಿದವನು, ಅವನಿಗೆ ಇವತ್ತಿನ ತನಕ ಹೇಳಿಲ್ಲ. ಕಾಪುವಿನ ಹುಡುಗಿಗೆ ಆ ಪ್ರಶ್ನೆಯನ್ನು ಮರ್ಯಾದೆಯ ಇಂಗ್ಲಿಷಿನಲ್ಲಿ ಕೇಳಿದ್ದಾರೆ: ಮುಂದಿನ ಐದು ವರ್ಷದಲ್ಲಿ ನಿಮ್ಮನ್ನು ಎಲ್ಲಿ ಕಾಣುತ್ತೀರಿ, ಮದುವೆಯ ಯೋಚನೆ ಇದೆಯೇ, ಆದರೆ ಊರು ಬಿಡುತ್ತೀರಾ. ಅದೇ ಸಂದರ್ಶನಕ್ಕೆ ಬಂದ ಹುಡುಗರಿಗೆ ಮೊದಲನೆಯ ಭಾಗ ಮಾತ್ರ.

ಹೊರಗಿನವರದ್ದು ಹಾಗಾಯಿತು, ಇನ್ನು ಮನೆಯೊಳಗಿನ ನಮ್ಮದು. ಒಂದು ಮನೆಯಲ್ಲಿ ಡಿಗ್ರಿ ಮುಗಿಸಿ ಕೆಲಸವಿಲ್ಲದ ಮಗ ಇದ್ದರೆ ತಾಯಿ ಏನು ಹೇಳುತ್ತಾಳೆ? “ಟ್ರೈ ಮಾಡ್ತಾ ಇದ್ದಾನೆ.” ಅದೇ ಮಗಳಾದರೆ? “ಮನೆಯಲ್ಲೇ ಇದ್ದಾಳೆ.” ಇಬ್ಬರೂ ಓದುವುದು ಅದೇ ಪುಸ್ತಕ, ಬರೆಯುವುದು ಅದೇ ಪರೀಕ್ಷೆ. ಆದರೆ ಮನೆಯಲ್ಲೇ ಇರುವವಳು ತಾನೆ, ಎಂದು ನೆಂಟರು ಬಂದರೆ ಚಾ ಮಾಡುವವಳು ಅವಳು, ಅತ್ತಿಗೆಯ ಬಾಣಂತನಕ್ಕೆ ಹೋಗುವವಳು ಅವಳು, ರೇಷನ್ ಅಂಗಡಿಯಲ್ಲಿ ಬೆರಳೊತ್ತುವುದಕ್ಕೆ ನಿಲ್ಲುವವಳೂ ಅವಳೇ. ಪರೀಕ್ಷೆಯ ಹಿಂದಿನ ವಾರ ಅಜ್ಜಿಯ ವರ್ಷಾಂತಿಕಕ್ಕೆ ಹೋಳಿಗೆ ಲಟ್ಟಿಸಿ ಬಂದು, ಎರಡು ಅಂಕಕ್ಕೆ ಕಟ್ ಆಫ್ ತಪ್ಪಿದರೆ ನಾವು ಹೇಳುತ್ತೇವೆ, “ಅವಳಿಗೆ ಯೋಗ ಇಲ್ಲ.” ಆಮೇಲೆ ಗಡುವು. “ಈ ದೀಪಾವಳಿ ತನಕ ನೋಡುವ, ಮತ್ತೆ ಜಾತಕ ಹೊರಗೆ ತೆಗೆಯುವ.” ಹನ್ನೊಂದು ಕಡೆ ಬೇಡವೆಂದವರು ಅವಳಿಗೆ ಬರೇ ಕೆಲಸ ಕೊಡಲಿಲ್ಲ, ನಾವು ಅವಳ ಕೈಯಿಂದ ಪುಸ್ತಕವನ್ನೇ ಕಿತ್ತುಕೊಳ್ಳುತ್ತೇವೆ. ಗಂಡು ಮಗನಿಗೆ ಇಂಥ ದೀಪಾವಳಿ ಬಂದದ್ದನ್ನು ನಾನು ಕಂಡಿಲ್ಲ.

ಹಾಗಾದರೆ ಹುಡುಗಿಯರದ್ದು ಏನೂ ಕೊರತೆ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಇವಳದ್ದೇ ಹೇಳುತ್ತೇನೆ, ಲೆಕ್ಕದಲ್ಲಿ ನಿಧಾನ, ಇಂಗ್ಲಿಷಿನಲ್ಲಿ ಉದ್ದ ಪ್ಯಾರಾ ಬಂದರೆ ಗಾಬರಿ. ಬ್ಯಾಂಕಿನ ಅಂಕಪಟ್ಟಿ ನೋಡಿದರೆ ಅದು ಸ್ಪಷ್ಟ. ಆದರೆ ಅಲ್ಲಿ ಅಂಕಪಟ್ಟಿ ಎಂಬುದೊಂದು ಇದೆಯಲ್ಲ! ಎಲ್ಲಿ ಬಿದ್ದೆ ಎಂದು ಗೊತ್ತಾದರೆ ಎದ್ದು ನಡೆಯುವುದಕ್ಕೆ ದಾರಿ ಇರುತ್ತದೆ. ಮೂರು ದಿನ ಪಾಠ ಮಾಡಿಸಿ ಫೋನ್ ಎತ್ತದವರಿಂದ ಅವಳು ಕಲಿಯಬೇಕಾದ್ದೇನು? 1994ರಲ್ಲಿ ನನಗೆ ಕೆಲಸ ಕೊಡದ ಶಾಲೆಗಳೂ ಒಂದು ಕಾರ್ಡು ಹಾಕುತ್ತಿದ್ದವು, ‘ವಿಷಾದದಿಂದ ತಿಳಿಸುತ್ತೇವೆ’ ಎಂದು. ಅಂಚೆಗೆ ದುಡ್ಡು ಖರ್ಚು ಮಾಡಿ, ನಾಲಗೆಯಿಂದ ಸ್ಟಾಂಪು ಒದ್ದೆ ಮಾಡಿ ಹೇಳುತ್ತಿದ್ದರು. ಈಗ ಬೆರಳ ತುದಿಯಲ್ಲಿ ಪುಕ್ಕಟೆಯಾಗಿ ಕಳಿಸಬಹುದಾದ ಒಂದು ಸಾಲಿಗೆ ಪುರುಸೊತ್ತಿಲ್ಲ. ಸಂದರ್ಶನಕ್ಕೆ ಕರೆದವರು ಹದಿನೈದು ದಿನದೊಳಗೆ ಹೌದು ಅಥವಾ ಇಲ್ಲ ಎಂದು ತಿಳಿಸಲೇಬೇಕು, ಪಾಠ ಮಾಡಿಸಿದರೆ ಆ ದಿನದ ಸಂಬಳ ಕೊಡಲೇಬೇಕು. ನಮ್ಮ ಮಹಿಳಾ ಮಂಡಲಗಳಲ್ಲಿ ಶಾಲೆ ನಡೆಸುವವರ ಹೆಂಡತಿಯರಿದ್ದಾರೆ, ಆಸ್ಪತ್ರೆ ಆಫೀಸುಗಳಲ್ಲಿ ದೊಡ್ಡ ಹುದ್ದೆಯಲ್ಲಿರುವ ಹೆಂಗಸರಿದ್ದಾರೆ. ರಂಗೋಲಿ ಸ್ಪರ್ಧೆಯ ನಡುವೆ ಇದನ್ನೂ ಒಮ್ಮೆ ಎತ್ತಬಾರದೇ?

‘ಸೋಲೇ ಗೆಲುವಿನ ಮೆಟ್ಟಿಲು’ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ನಮ್ಮ ಶಾಲೆಯ ಗೋಡೆಯ ಮೇಲೂ ಅದನ್ನು ಬರೆಸಿದ್ದೇವೆ, ಪೈಂಟಿನವನಿಗೆ ಕಾಗುಣಿತ ಹೇಳಿಕೊಟ್ಟವಳು ನಾನೇ. ಹತ್ತನೇ ತರಗತಿಯಲ್ಲಿ ಮೂರು ಅಂಕಕ್ಕೆ ಬಿದ್ದವನಿಗೆ ಅದು ಸರಿ, ಅವನಿಗೆ ಮೇಲಿನ ಮೆಟ್ಟಿಲು ಕಾಣುತ್ತದೆ. ಇಪ್ಪತ್ತೆಂಟು ವರ್ಷದ ಎಂ.ಎಸ್ಸಿ. ಹುಡುಗಿಗೆ ಹೇಳಿದರೆ ಅವಳು ಮರ್ಯಾದೆಗೆ ತಲೆಯಾಡಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ನನ್ನನ್ನು ಆ ಐದು ವರ್ಷ ದಾಟಿಸಿದ್ದು ಧೈರ್ಯದ ಮಾತಲ್ಲ, ಒಂದು ತಂತಿ. ನಮ್ಮ ತಂದೆಯವರದ್ದು ಸಣ್ಣ ಜಿನಸಿನ ಅಂಗಡಿ. ಬಿಲ್ಲುಗಳನ್ನು ಚುಚ್ಚಿಡುವ ಕೊಕ್ಕೆಯ ತಂತಿ ಗೋಡೆಗೆ ನೇತಾಡುತ್ತಿತ್ತು. ನನಗೆ ಬಂದ ಮೊದಲ ವಿಷಾದದ ಕಾರ್ಡನ್ನು ನಾನು ಹರಿಯಲು ಹೊರಟಾಗ ಅಪ್ಪ ಅದನ್ನು ತೆಗೆದುಕೊಂಡು ಕರೆಂಟ್ ಬಿಲ್ಲಿನ ಮೇಲೆ ಚುಚ್ಚಿದರು. “ಕಾಗದ ಬಂದದ್ದು ಬೇಕಾಗ್ತದೆ, ಇರಲಿ.” ಅಷ್ಟೆ. ಆಮೇಲೆ ಬಂದದ್ದೆಲ್ಲ ಅಲ್ಲಿಗೇ. ಅಡಿಕೆಯವರ ಚೀಟಿ, ಎಲ್ಲೈಸಿ ರಶೀದಿ, ನನ್ನ ನಿರಾಕರಣೆ, ಪುನಃ ಕರೆಂಟ್ ಬಿಲ್ಲು. ಅಂಗಡಿಗೆ ಬಂದವರೆಲ್ಲ ನೋಡಬಹುದಿತ್ತು. ಮುಚ್ಚಿಡುವಂಥದ್ದೇನೂ ಆಗಿಲ್ಲ ಎಂದು ಅಪ್ಪ ಬಾಯಿಬಿಟ್ಟು ಒಂದು ದಿನವೂ ಹೇಳಲಿಲ್ಲ. 1998ರಲ್ಲಿ ಕೆಲಸವಾದ ಮೇಲೆ ಆ ತಂತಿಯಲ್ಲಿ ಎಣಿಸಿದರೆ ಹದಿನೇಳು ಕಾರ್ಡುಗಳಿದ್ದವು.

ಮದುವೆ ಕಳೆದು ಎರಡು ವಾರಕ್ಕೆ ಕಾಪುವಿಗೆ ಅವಳ ಮನೆಗೆ ಹೋದೆ. ದೀಪಸ್ತಂಭದಿಂದ ಹೆಚ್ಚು ದೂರವಿಲ್ಲ. ಅವಳ ಅಮ್ಮ ಬೀಡಿ ಎಲೆ ಕತ್ತರಿಸುತ್ತಾ ಕೂತಿದ್ದರು. “ಅವಳ ಸಂಬಳ ನಮಗೆ ಬೇಡ ಟೀಚರ್, ಜನರ ಬಾಯಿ ಮುಚ್ಚಿದ್ರೆ ಸಾಕು” ಎಂದರು. ಅಪ್ಪ ಮಲ್ಪೆಯಲ್ಲಿ ಬೋಟಿಗೆ ಹೋಗುವವರು. ಜೂನ್ ಆರಂಭ, ಬೋಟುಗಳೆಲ್ಲ ದಡ ಸೇರಿದ್ದವು. ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಅವರು ಜಗಲಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಕಟ್ಟುತ್ತಿದ್ದರು.

“ಅಣ್ಣಾ, ನಿಮಗೆ ಎರಡು ತಿಂಗಳು ಕೆಲಸ ಇಲ್ಲ ಅಲ್ವಾ?” ಎಂದೆ.

“ಕೆಲಸ ಇಲ್ಲ ಅಂದ್ರೆ? ಇದು ಎಂತ ಮತ್ತೆ?” ಎಂದು ಬಲೆ ಎತ್ತಿ ತೋರಿಸಿದರು. ಸ್ವರದಲ್ಲಿ ಸ್ವಲ್ಪ ಸಿಟ್ಟೂ ಇತ್ತು.

“ಮತ್ತೆ ಇವಳು ಓದುವುದು?”

ಅವರು ಏನೂ ಹೇಳಲಿಲ್ಲ. ಅಮ್ಮನ ಕತ್ತರಿಯೂ ಒಂದು ಗಳಿಗೆ ನಿಂತಿತು. ನಾನು ಹೆಚ್ಚು ಮಾತಾಡಲು ಹೋಗಲಿಲ್ಲ, ಟೀಚರುಗಳಿಗೆ ಮಾತು ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ ಎಂಬ ಅಪವಾದ ಮೊದಲೇ ಇದೆ. ಒಂದು ಮಾತು ಮಾತ್ರ ಕೇಳಿಕೊಂಡೆ: ದೀಪಾವಳಿಯ ಗಡುವು ಬೇಡ, ಅವಳ ವಯಸ್ಸಿಗೆ ಎಷ್ಟು ಪರೀಕ್ಷೆ ಬರೆಯಲು ಆಗುತ್ತದೋ ಅದನ್ನು ಅವಳೇ ಲೆಕ್ಕ ಹಾಕಿ ಹೇಳಲಿ, ಅಲ್ಲಿಯ ತನಕ ಬೆಳಗ್ಗೆ ಒಂಬತ್ತರಿಂದ ಹನ್ನೆರಡು ಅವಳನ್ನು ಯಾರೂ ಕರೆಯಬೇಡಿ.

ಅವಳಿಗೂ ಒಂದು ಕೆಲಸ ಕೊಟ್ಟು ಬಂದೆ. ಹನ್ನೊಂದನ್ನೂ ಒಂದು ಪುಸ್ತಕದಲ್ಲಿ ಬರೆ, ಎದುರಿಗೆ ಎಲ್ಲಿ ನಿಂತಿತು ಎಂದು ಹಾಕು. ನಿನ್ನ ಲೆಕ್ಕ ನಿಧಾನವಾದದ್ದಾ, ಹುದ್ದೆಯೇ ಕಮ್ಮಿಯಾ, ಅಥವಾ ಅವರು ಹೇಳಲೇ ಇಲ್ಲವಾ. ಕೀ ಉತ್ತರ ಪ್ರಕಟವಾದಾಗ ಕೂತು ತಾಳೆ ನೋಡು, ತಪ್ಪಿದ್ದರೆ ಗಡುವಿನೊಳಗೆ ಆಕ್ಷೇಪಣೆ ಹಾಕು, ಅದಕ್ಕೆ ಅವಕಾಶವಿರುತ್ತದೆ. ನಾಲ್ಕು ದಿನದ ಮೇಲೆ ಅವಳದ್ದು ಫೋನು. “ಹನ್ನೊಂದರಲ್ಲಿ ನನ್ನ ತಪ್ಪು ಎಂದು ಬರೆಯಲಿಕ್ಕೆ ಆದದ್ದು ಮೂರು, ಟೀಚರ್. ಮೂರೂ ಇಂಗ್ಲಿಷು ಮತ್ತು ಲೆಕ್ಕ.” ಇಂಗ್ಲಿಷಿಗೆ ವಾರಕ್ಕೆರಡು ದಿನ ನನ್ನ ಮನೆಗೆ ಬರುತ್ತಾಳೆ. ಲೆಕ್ಕಕ್ಕೆ ನಾನು ಪ್ರಯೋಜನವಿಲ್ಲ, ನಿವೃತ್ತರಾದ ನಮ್ಮ ಗಣಿತದ ಮೇಷ್ಟ್ರಿಗೆ ಹೇಳಿದ್ದೇನೆ.

ಇದನ್ನು ಬರೆಯುವ ಹೊತ್ತಿಗೂ ಅವಳಿಗೆ ಕೆಲಸ ಆಗಿಲ್ಲ. ಹನ್ನೆರಡನೆಯದೂ ಆಗಲಿಲ್ಲ, ಅದರ ಎದುರು ‘ಹೇಳಲಿಲ್ಲ’ ಎಂದು ಬರೆದಿದ್ದಾಳೆ. ಹದಿಮೂರನೆಯದಕ್ಕೆ ಮಂಗಳೂರಿಗೆ ಹೋಗುವ ದಿನ ಅವಳ ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ನೀರುದೋಸೆ ಮಾಡಿ ಕಟ್ಟಿಕೊಟ್ಟರಂತೆ. ಹಿಂದೆ ಯಾವ ಪರೀಕ್ಷೆಗೂ ಹಾಗೆ ಮಾಡಿದ್ದಿಲ್ಲವಂತೆ.

ಮೊನ್ನೆ ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಲ್ಲಿ ಆ ಮದುವೆಗೆ ಬಂದಿದ್ದ ಹೆಂಗಸೊಬ್ಬರು ಸಿಕ್ಕಿದರು. ಕ್ಷೇಮ ಸಮಾಚಾರವೆಲ್ಲ ಮುಗಿದ ಮೇಲೆ, “ಆ ಕಾಪುವಿನ ಹುಡುಗಿ, ನಿಮ್ಮ ಶಿಷ್ಯೆ, ಅವಳಿಗೆ ಎಲ್ಲಿಯಾದರೂ ಸಿಕ್ಕಿತಾ?” ಎಂದರು.

“ನೀವು ಯಾವ ಬಸ್ಸಿಗೆ ಕಾಯುವುದು?” ಎಂದು ಕೇಳಿದೆ.